ಎತ್ತಿಗೆ ಜ್ವರ, ಬಾವಲಿಗೆ ಬರೆ

ಮುಂದಿನ ಮಹಾಮಾರಿಗೆ ಬೆಂಗಳೂರಿನ ವೈಟ್‌ಫೀಲ್ಡ್ ಸಂಪೂರ್ಣ ಸಜ್ಜಾಗಿದೆ. ಕಂಪನಿಗೊಂದರಂತೆ ಬಿ.ಸಿ.ಪಿ. ಇದೆ. ಬಿಸಿನೆಸ್ ಕಂಟಿನ್ಯುಯಿಟಿ ಪ್ಲಾನ್ ಎಂಬ ಈ ಗ್ರಂಥವನ್ನು ವರ್ಷಕ್ಕೊಮ್ಮೆ ಹೊರತೆಗೆದು, ಮೊದಲ ಪುಟದ ದಿನಾಂಕ ತಿದ್ದಿ, ಭಕ್ತಿಯಿಂದ ಮುಚ್ಚಿಡುತ್ತಾರೆ. ಅದರ ಸಾರ ಇಷ್ಟೇ: ಜಗತ್ತು ಮುಳುಗಿದರೂ ಸೋಮವಾರ ಬೆಳಿಗ್ಗೆ ಹತ್ತರ ಮೀಟಿಂಗ್ ನಡೆಯತಕ್ಕದ್ದು. ಅದಕ್ಕೆ ಬೇಕಾದ ಲ್ಯಾಪ್‌ಟಾಪು, ಯು.ಪಿ.ಎಸ್., ಕುಕ್ಕರ್ ಕೂಗಿದ್ದು ಕ್ಲೈಂಟ್ ಕಿವಿಗೆ ಬೀಳದಂತೆ ತಡೆಯುವ ಹೆಡ್‌ಫೋನು ಎಲ್ಲವೂ ತಯಾರಿವೆ. ಭೂಕಂಪ, ಪ್ರವಾಹ, ಕಾವೇರಿ ಗಲಾಟೆ, ಮಹಾಮಾರಿ ಎಂದು ಒಂದರ ಕೆಳಗೊಂದು ಬರೆದು, ಎದುರಿನ ಖಾನೆಯಲ್ಲಿ ಎಲ್ಲಕ್ಕೂ ಒಂದೇ ಮದ್ದು ಬರೆದಿರುತ್ತಾರೆ: ವರ್ಕ್ ಫ್ರಮ್ ಹೋಮ್.

ಈ ಮದ್ದು ಪೀಣ್ಯದ ಕಾರ್ಖಾನೆಗಳಲ್ಲಿ ಸಿಗುವುದಿಲ್ಲ. ಲೇತ್ ಯಂತ್ರವನ್ನು ಲಗ್ಗೆರೆಯ ಶೀಟ್ ಮನೆಗೆ ಹೊತ್ತೊಯ್ದು, ಮಂಚದ ಪಕ್ಕ ಇಟ್ಟುಕೊಂಡು ಜಾಬ್ ತಿರುಗಿಸಲು ಆಗುವುದಿಲ್ಲ. ಗಾರ್ಮೆಂಟ್ಸ್ ಲೈನಿನಲ್ಲಿ ಕಾಲರ್ ಹೊಲಿಯುವ ಹೆಂಗಸಿಗೆ ಮ್ಯೂಟ್ ಬಟನ್ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವನು ಮನೆಯಿಂದ ಗೇಟು ಕಾಯುವ ತಂತ್ರಜ್ಞಾನವನ್ನು ಒಳಗಿರುವ ಅಷ್ಟು ಸಾವಿರ ಎಂಜಿನಿಯರುಗಳೂ ಇನ್ನೂ ಕಂಡುಹಿಡಿದಿಲ್ಲ. ಹಾಗಾಗಿ ಸಿದ್ಧತೆಯ ವಿಚಾರದಲ್ಲಿ ನಗರದ ಆ ಮೂಲೆಗೂ ಈ ಮೂಲೆಗೂ ಅಜಗಜಾಂತರ. ಶತ್ರು ಯಾರು ಎಂಬ ಒಂದು ಪ್ರಶ್ನೆಯಲ್ಲಿ ಮಾತ್ರ ಸಂಪೂರ್ಣ ಒಮ್ಮತ. ಬಾವಲಿ.

ಹೊರವರ್ತುಲ ರಸ್ತೆಯಿಂದಾಚೆ ಇರುವ ಯಾವುದಾದರೂ ಒಂದು ಅಪಾರ್ಟ್‌ಮೆಂಟನ್ನು ಕಲ್ಪಿಸಿಕೊಳ್ಳಿ. ಒಳಗೆ ಒಂದು ಗಸಗಸೆ ಹಣ್ಣಿನ ಮರ. ಬೇಗ ಬೆಳೆದು ಬ್ರೋಷರಿನ ಫೋಟೋಕ್ಕೆ ಹಸಿರು ಒದಗಿಸುತ್ತದೆಂದು ಬಿಲ್ಡರೇ ನೆಟ್ಟದ್ದು. ಸಂಜೆಯಾದರೆ ಗಿಡ್ಡ ಮೂತಿಯ ಪುಟ್ಟ ಬಾವಲಿಗಳು ಬಂದು ಕೆಂಪು ಹಣ್ಣು ಕಿತ್ತು, ರಸ ಹೀರಿ, ಚರಟ ಉಗಿಯುತ್ತವೆ. ಉಗಿದದ್ದು ಬಿಳಿ ಬಣ್ಣದ ಎಸ್‌ಯುವಿ ಮೇಲೆ ಬೀಳುತ್ತದೆ. ಅಲ್ಲಿಂದ ಸಾರ್ವಜನಿಕ ಆರೋಗ್ಯದ ಚಿಂತೆ ಶುರು. ಅಸೋಸಿಯೇಷನ್ನಿನ ದೂರಿನಲ್ಲಿ ಮೂಲ ಆರೋಪ ಬಾನೆಟ್ ಮೇಲಿನ ಕಲೆ. ವೈರಸ್ಸು ಆಮೇಲೆ ಸೇರಿಸಿದ ಸೆಕ್ಷನ್ನು. ಕಾರ್ಯದರ್ಶಿಗಳು ಮಾಲಿಯನ್ನು ಕರೆಸುತ್ತಾರೆ.

"ಏನಪ್ಪಾ, ಈ ಮರಕ್ಕೆ ಬಾವಲಿ ಬರುತ್ತಂತಲ್ಲ?"

"ಬತ್ತವೆ ಸಾರ್."

"ಯಾವಾಗಿಂದ?"

"ಇಲ್ಲಿ ತೋಟ ಇದ್ದಾಗಿಂದ್ಲೂ ಬತ್ತಾವೆ ಸಾರ್. ನೀವು ಬಂದಿದ್ದೇ ಆಮ್ಯಾಕೆ."

ಮಾಲಿಯ ಈ ಹೇಳಿಕೆ ಸಭೆಯ ನಡಾವಳಿಯಲ್ಲಿ ದಾಖಲಾಗುವುದಿಲ್ಲ. ದಾಖಲಾಗುವುದು ಇದು: ಬಲೆ ಕಟ್ಟಿಸಲು ಒಂದು ಕೊಟೇಶನ್, ಕೊಂಬೆ ಕಡಿಸಲು ಒಂದು, ಹೊಗೆ ಹಾಕಿಸಲು ಒಂದು. ಹೆಚ್ಚಿನ ಮೇಂಟೆನೆನ್ಸ್ ಫ್ಲ್ಯಾಟಿಗೆ ಇಷ್ಟು.

ಬಾವಲಿ ಸಾಚಾ ಎಂದು ನಾನು ವಕಾಲತ್ತು ವಹಿಸುತ್ತಿಲ್ಲ. ಅದರ ಮೈಯಲ್ಲಿ ಏನೇನಿದೆ ಎಂಬುದು ಗುಟ್ಟೇನಲ್ಲ. ನಿಪಾ ವೈರಾಣುವಿನ ಸಹಜ ನೆಲೆ ನಮ್ಮ ಆಲ, ಅರಳಿ ಮರಗಳಲ್ಲಿ ಜೋತು ಬೀಳುವ ದೊಡ್ಡ ಹಣ್ಣುಬಾವಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಮಹಾಬಲೇಶ್ವರದ ಗುಹೆಯಲ್ಲಿ 2020ರಲ್ಲಿ ಹಿಡಿದ ಬಾವಲಿಗಳಲ್ಲಿ ನಿಪಾ ವಿರುದ್ಧದ ಪ್ರತಿಕಾಯ ಕಂಡರು. ನಂತರದ ಸಮೀಕ್ಷೆಗಳಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಬಾವಲಿಗಳಲ್ಲಿ ಅದರ ಕುರುಹು ಸಿಕ್ಕಿತು. ನಿಪಾ ತಗುಲಿದ ನೂರು ಮನುಷ್ಯರಲ್ಲಿ 40ರಿಂದ 75 ಮಂದಿ ಸಾಯುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಲಸಿಕೆಯಿಲ್ಲ. ಕೊರೊನಾದ ಹತ್ತಿರದ ಸಂಬಂಧಿಗಳು ಸಿಕ್ಕಿರುವುದೂ ಚೀನಾದ ಯುನ್ನಾನ್ ಮತ್ತು ಲಾವೋಸ್‌ನ ಬಾವಲಿಗಳಲ್ಲೇ. ಅಲ್ಲಿಂದ ವುಹಾನಿಗೆ ಯಾವ ದಾರಿಯಲ್ಲಿ ಬಂತೆಂಬ ಜಗಳ ಇನ್ನೂ ಹರಿದಿಲ್ಲ.

ಆದರೆ ಬಾವಲಿಯ ವೈರಸ್ಸು ಮನುಷ್ಯನಿಗೆ ನೇರವಾಗಿ ಬರುವುದು ಕಡಿಮೆ. ವರ್ತೂರು, ಸರ್ಜಾಪುರದ ಜಮೀನಿನಂತೆ ಅದೂ ದಲ್ಲಾಳಿಗಳ ಮೂಲಕ ಕೈ ಬದಲಾಯಿಸುತ್ತದೆ. ಸಾರ್ಸ್‌ನಲ್ಲಿ ದಲ್ಲಾಳಿ ಪುನುಗು ಬೆಕ್ಕು, ಮರ್ಸ್‌ನಲ್ಲಿ ಒಂಟೆ, ಆಸ್ಟ್ರೇಲಿಯಾದ ಹೆಂಡ್ರಾದಲ್ಲಿ ರೇಸು ಕುದುರೆ, ಮಲೇಷ್ಯಾದ ನಿಪಾದಲ್ಲಿ ಹಂದಿ. ಜಮೀನಿನ ವ್ಯವಹಾರದಲ್ಲಿ ಆಗುವಂತೆ ಇಲ್ಲೂ ಕೊನೆಗೆ ಸಿಕ್ಕಿಬೀಳುವುದು ಮೂಲ ಮಾಲೀಕ. ಕಮಿಷನ್ ಹೊಡೆದವನ ಹೆಸರು ಪತ್ರದಲ್ಲೇ ಇರುವುದಿಲ್ಲ.

ಮಲೇಷ್ಯಾದ ಕತೆ ನಮ್ಮವರು ಓದಬೇಕಾದದ್ದು. 1998ರಲ್ಲಿ ಅಲ್ಲಿನ ಹಂದಿ ಸಾಕಣೆದಾರರು ಒಂದೇ ಜಾಗದಲ್ಲಿ ಎರಡು ಆದಾಯ ತೆಗೆಯುತ್ತಿದ್ದರು. ಒಂದೆಡೆ ಸಾವಿರಾರು ಹಂದಿ, ಪಕ್ಕದಲ್ಲೇ ಮಾವಿನ ತೋಪು. ಬಾವಲಿ ಬಂದು ಮಾವು ಕಚ್ಚಿತು, ಎಂಜಲು ದೊಡ್ಡಿಗೆ ಬಿತ್ತು, ಹಂದಿ ತಿಂದಿತು, ಹಂದಿ ಕೆಮ್ಮಿತು, ಮಾಲೀಕನಿಗೂ ಆಳಿಗೂ ಜ್ವರ ಬಂತು. ಸರ್ಕಾರ ಏನು ಮಾಡಿತು? ಇದು ಸೊಳ್ಳೆಯ ಮಿದುಳು ಜ್ವರ ಎಂದು ತೀರ್ಮಾನಿಸಿ ತಿಂಗಳುಗಟ್ಟಲೆ ಹೊಗೆ ಹಾಕಿಸಿತು. ಹೊಗೆ ಯಂತ್ರದ ಮೇಲಿನ ಈ ಅಚಲ ವಿಶ್ವಾಸ ನಮ್ಮ ಹಳೆಯ ಬಿಬಿಎಂಪಿಯ ಸ್ವಂತ ಆಸ್ತಿಯೆಂದು ತಿಳಿದಿದ್ದೆ, ಅಂತರರಾಷ್ಟ್ರೀಯವಂತೆ. 1999ರ ಮಾರ್ಚಿನಲ್ಲಿ ಚುವಾ ಕಾವ್ ಬಿಂಗ್ ಎಂಬ ವೈದ್ಯರು ಹೊಸ ವೈರಾಣುವನ್ನು ಬೇರ್ಪಡಿಸಿ ತೋರಿಸುವ ಹೊತ್ತಿಗೆ ರೋಗ ಊರೂರು ದಾಟಿತ್ತು. 265 ಮಂದಿಗೆ ತಗುಲಿ, 105 ಮಂದಿ ಸತ್ತರು. ಸುಮಾರು ಹತ್ತು ಲಕ್ಷ ಹಂದಿಗಳನ್ನು ಕೊಂದರು. ಪ್ರತಿ ಚದರಡಿಯಿಂದಲೂ ದುಡ್ಡು ಹುಟ್ಟಿಸಬೇಕೆಂಬ ಆ ಲೆಕ್ಕಾಚಾರ ಮಾತ್ರ ಸಾಯಲಿಲ್ಲ.

ಇನ್ನು ಹೆಂಡ್ರಾ. 1994ರಲ್ಲಿ ಬ್ರಿಸ್ಬೇನ್ ನಗರದ ಬಡಾವಣೆಯೊಂದರ ಕುದುರೆ ಲಾಯದಲ್ಲಿ ಕಾಣಿಸಿಕೊಂಡದ್ದು. ಅಲ್ಲಿನ ವಿಜ್ಞಾನಿಗಳು 25 ವರ್ಷಗಳ ದಾಖಲೆ ಕೂಡಿಸಿ 2022ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಡಿದಾಗ ಬಾವಲಿಗಳ ದೊಡ್ಡ ಹಿಂಡು ಒಡೆದು, ಚೂರು ಚೂರಾಗಿ ಊರು ಮತ್ತು ಕುದುರೆ ಮೇಯುವ ಹೊಲಗಳ ಪಕ್ಕ ಬಂದು ನೆಲೆಸುತ್ತದೆ. ಹೊಟ್ಟೆಗಿಲ್ಲದ ವರ್ಷ ಅವು ಮೂತ್ರದಲ್ಲಿ ಹೊರಹಾಕುವ ವೈರಸ್ಸು ಏರುತ್ತದೆ. ಉಳಿದ ಕಾಡು ಚೆನ್ನಾಗಿ ಹೂ ಬಿಟ್ಟ ಚಳಿಗಾಲದಲ್ಲಿ ಬಾವಲಿಗಳು ಅತ್ತ ಹೋಗುತ್ತವೆ. ಆ ವರ್ಷ ಕುದುರೆಗೆ ರೋಗವಿಲ್ಲ. ಬಾವಲಿಯ ಹೊಟ್ಟೆ ತುಂಬಿದ್ದರೆ ನಮಗೆ ಕ್ಷೇಮ. ಇದನ್ನು ತಿಳಿಯಲು ನೇಚರ್ ಪತ್ರಿಕೆ ಬೇಕಾಯಿತು.

ಈಗ ನಮ್ಮ ಆನೇಕಲ್ ಕಡೆ ಬನ್ನಿ. ಎಲೆಕ್ಟ್ರಾನಿಕ್ ಸಿಟಿಯ ನೆರೆಯಲ್ಲೇ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ. ಅದರ ಸುತ್ತ 268.96 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯ ಇರಲಿ ಎಂದು 2016ರ ಕರಡು ಹೇಳಿತ್ತು. ಅಷ್ಟು ಸೂಕ್ಷ್ಮ ನಮಗೆ ತಡೆಯಲಿಲ್ಲ. ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ಇದ್ದಕ್ಕಿದ್ದಂತೆ ಒರಟಾಗಿಬಿಟ್ಟಿತು. ಅಧಿಸೂಚನೆ ಹೊರಬಿದ್ದದ್ದು 2020ರ ಮಾರ್ಚಿನಲ್ಲಿ, ಕೊರೊನಾವನ್ನು ಮಹಾಮಾರಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ ಅದೇ ತಿಂಗಳು. ಕಾಡಿಗೂ ಊರಿಗೂ ನಡುವೆ ಅಂತರ ಕಡಿಮೆ ಮಾಡಿದ ಕಾಗದ ಒಂದು ಕಚೇರಿಯಿಂದ, ಮನುಷ್ಯ ಮನುಷ್ಯರ ನಡುವೆ ಅಂತರ ಕಾಯ್ದುಕೊಳ್ಳಿ ಎಂಬ ಕಾಗದ ಮತ್ತೊಂದು ಕಚೇರಿಯಿಂದ. ಎರಡೂ ಸರ್ಕಾರಿ ಕಾಗದವೇ.

ಅದೇ ಮಾರ್ಚಿನಲ್ಲಿ ಕರ್ನಾಟಕದ ಮೊದಲ ಕೊರೊನಾ ಪ್ರಕರಣ ಬೆಂಗಳೂರಿನಲ್ಲಿ ಪತ್ತೆಯಾಯಿತು. ರೋಗ ಗಸಗಸೆ ಮರದಿಂದ ಉದುರಿರಲಿಲ್ಲ. ಅಮೆರಿಕದಿಂದ ಮರಳಿದ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರ ಜೊತೆ ವಿಮಾನದಲ್ಲಿ, ಕಾಗದಪತ್ರವೆಲ್ಲ ಸರಿಯಿಟ್ಟುಕೊಂಡು ಬಂದಿತ್ತು. ಅವರದ್ದೇನೂ ತಪ್ಪಿಲ್ಲ, ಪಾಪ. ಆದರೂ ಮುಂದಿನ ಮಹಾಮಾರಿಯ ಹೆಸರಿನಲ್ಲಿ ಯಾವ ಅಪಾರ್ಟ್‌ಮೆಂಟೂ ದೇವನಹಳ್ಳಿಯ ರನ್‌ವೇಗೆ ಬಲೆ ಕಟ್ಟಿಸಲು ಕೊಟೇಶನ್ ಕರೆದದ್ದನ್ನು ನಾನು ಕೇಳಿಲ್ಲ.

ಮುಂದಿನದು ಎಲ್ಲರಿಗೂ ನೆನಪಿರಬೇಕಾದದ್ದು, ಹಾಗಾಗಿ ಯಾರಿಗೂ ನೆನಪಿಲ್ಲ. ಮಾರ್ಚ್ 13ಕ್ಕೆ ಮಾಲು, ಥಿಯೇಟರು ಮುಚ್ಚಲು ಆದೇಶವಾಯಿತು, ಟೆಕ್ಕಿಗಳು ಮನೆಗೆ ಹೋದರು. ಮೇ ತಿಂಗಳ ಹೊತ್ತಿಗೆ ಕೂಲಿಕಾರರೂ ಮನೆಗೆ ಹೋಗಬೇಕೆಂದು ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದ ಮುಂದೆ ಗಂಟುಮೂಟೆ ಕಟ್ಟಿಕೊಂಡು ನಿಂತರು. ಅವರ ಮನೆ ಬಿಹಾರದಲ್ಲಿತ್ತು, ಒಡಿಶಾದಲ್ಲಿತ್ತು. ಮೇ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳ ಜೊತೆ ಸಭೆ ನಡೆಸಿದರು. ಅದರ ಬೆನ್ನಿಗೇ, ಕೂಲಿಕಾರರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲು ಇನ್ನು ಬೇಡ ಎಂದು ರೈಲ್ವೆಗೆ ಪತ್ರ ಹೋಯಿತು. ಕೂಲಿಕಾರರು ಹೊರಟುಹೋದರೆ ಕಟ್ಟಡ ಕಟ್ಟುವವರಾರು? ದೇಶವೆಲ್ಲ ಛೀ ಥೂ ಎಂದ ಮೇಲೆ ಆದೇಶ ಹಿಂದಕ್ಕೆ ಹೋಗಿ, ರೈಲು ಮತ್ತೆ ಹೊರಟವು. ಒಂದೇ ನಗರ, ಒಂದೇ ವೈರಸ್ಸು. ಒಬ್ಬನಿಗೆ ಮನೆಯಿಂದ ಹೊರಗೆ ಬರಬೇಡ ಎಂಬ ಆಜ್ಞೆ, ಇನ್ನೊಬ್ಬನಿಗೆ ಮನೆಗೆ ಹೋಗಬೇಡ ಎಂಬ ಆಜ್ಞೆ. ಬಿ.ಸಿ.ಪಿ. ಎಂದರೆ ಇದೇ ಸ್ವಾಮೀ. ಯಾರ ಬಿಸಿನೆಸ್ ಕಂಟಿನ್ಯೂ ಆಗಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ.

ಜನ ಅಂಗಲಾಚುತ್ತಾ ನಿಂತಿದ್ದ ಅದೇ ಮಾದಾವರದ ಕೇಂದ್ರದಲ್ಲಿ ಜುಲೈ ಹೊತ್ತಿಗೆ 10,100 ಹಾಸಿಗೆಗಳ ಕೋವಿಡ್ ಆರೈಕೆ ಕೇಂದ್ರ ಎದ್ದಿತು. ದೇಶಕ್ಕೇ ದೊಡ್ಡದು ಎಂದರು. ಮಂತ್ರಿಗಳು ಹಾಸಿಗೆಗಳ ಸಾಲಿನ ನಡುವೆ ನಡೆದು ಫೋಟೋ ಹಿಡಿಸಿಕೊಂಡರು. ಹಾಸಿಗೆ, ಫ್ಯಾನು, ಬಕೆಟ್ಟಿನ ಬಾಡಿಗೆ ಎಷ್ಟು, ಕೊಂಡರೆ ಎಷ್ಟು ಎಂಬ ಜಗಳ ರೋಗಿಗಳಿಗಿಂತ ಮೊದಲೇ ಬಂದು ಸೇರಿತು. ಸೆಪ್ಟೆಂಬರಿನಲ್ಲಿ, ಜನ ಬರುತ್ತಿಲ್ಲ ಎಂದು ಕೇಂದ್ರ ಮುಚ್ಚಿ ಹಾಸಿಗೆಗಳನ್ನು ಹಂಚಿಬಿಟ್ಟರು. 2021ರ ಏಪ್ರಿಲ್ಲಿಗೆ ಎರಡನೇ ಅಲೆ ಬಂದಾಗ ಇದೇ ನಗರದ ಜನ ಒಂದು ಹಾಸಿಗೆಗಾಗಿ ಆಂಬುಲೆನ್ಸಿನಲ್ಲಿ ಊರು ಸುತ್ತಿದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಗಾದೆಯಲ್ಲಿ ಕಂಡಿದ್ದೇವೆ. ಸೂರೆ ಆಗುವ ಮುನ್ನ ಬಾಗಿಲನ್ನೇ ಕಿತ್ತು ಹಂಚಿದವರಿಗೆ ಗಾದೆ ಇನ್ನೂ ಹುಟ್ಟಿಲ್ಲ.

ನಿಪಾ ಬಗ್ಗೆ ಒಂದು ಸಮಾಧಾನವಿದೆ. ಅದು ಕೊರೊನಾದಷ್ಟು ಸಲೀಸಾಗಿ ಮನುಷ್ಯರಿಂದ ಮನುಷ್ಯರಿಗೆ ಹಬ್ಬುವುದಿಲ್ಲ. ತೀರಾ ಹತ್ತಿರದಲ್ಲಿದ್ದು ಆರೈಕೆ ಮಾಡಿದವರನ್ನು ಹಿಡಿಯುತ್ತದೆ. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ 17 ಮಂದಿ ಸತ್ತಾಗ ಬಹುಪಾಲು ಜನಕ್ಕೆ ರೋಗ ಅಂಟಿದ್ದು ಆಸ್ಪತ್ರೆಯೊಳಗೇ. ಒಬ್ಬ ರೋಗಿ, ಅವನನ್ನು ಮಲಗಿಸಿದ ಕಾರಿಡಾರು, ಅದೇ ಕಾರಿಡಾರಿನಲ್ಲಿ ತಮ್ಮ ಸರದಿಗೆ ಕಾದವರು. ಪೆರಾಂಬ್ರದ ದಾದಿ ಲಿನಿ ಪುದುಶ್ಶೇರಿ ಅವನ ಶುಶ್ರೂಷೆ ಮಾಡಿ ತಾವೇ ಬಲಿಯಾದರು. ಅಂದರೆ, ವೈರಸ್ಸು ಬಾವಲಿಯಿಂದ ಒಬ್ಬ ಮನುಷ್ಯನಿಗೆ ಬರುವುದು ಮರದ ವಿಚಾರ. ಒಬ್ಬನಿಂದ ಹಲವರಿಗೆ ಹೋಗುವುದು ಬೆಂಚು, ಕೈಗವಸು, ಗಾಳಿಯಾಡುವ ಕಿಟಕಿಯ ವಿಚಾರ. ಬೆಂಗಳೂರಿನ ಯಾವುದಾದರೂ ದೊಡ್ಡ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸೋಮವಾರ ಬೆಳಿಗ್ಗೆ ನಿಂತು ನೋಡಿ. ಅಲ್ಲಿಗೆ ಬಾವಲಿ ಬರುವುದಿಲ್ಲ. ತೂರಿಕೊಳ್ಳಲು ಅದಕ್ಕೆ ಜಾಗವಿರುವುದಿಲ್ಲ.

ಕೇರಳದ ಆ ಜ್ವರ ನಿಪಾ ಎಂದು ಮೊದಲು ಕಂಡುಹಿಡಿದದ್ದು ಯಾರು? ಕರ್ನಾಟಕದಲ್ಲಿದ್ದವರೇ. ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರದಲ್ಲಿ ಡಾ. ಜಿ. ಅರುಣ್‌ಕುಮಾರ್ ಅವರ ತಂಡ. ಪುಣೆ ಅದನ್ನು ಖಚಿತಪಡಿಸಿತು. ಬೇಗ ಗುರುತಿಸಿದ್ದರಿಂದಲೇ ಆ ಸಲ ಬೆಂಕಿ ಬೇಗ ಆರಿತು. ಇದಾದ ಮೇಲೆ ಮಣಿಪಾಲಕ್ಕೆ ಪ್ರಶ್ನೆಗಳ ಸುರಿಮಳೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಹಣಕ್ಕೆ ಅನುಮತಿ ಎಲ್ಲಿ, ಇಂಥ ಅಪಾಯದ ಮಾದರಿಗಳನ್ನು ಇಟ್ಟುಕೊಳ್ಳಲು ಅರ್ಹತೆ ಎಲ್ಲಿ ಎಂದು ಕೇಂದ್ರ ಕೇಳಿತು. ಸರಿಸುಮಾರು ಅದೇ ಹೊತ್ತಿಗೆ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಸಂಶೋಧನಾ ಸಂಸ್ಥೆ ಕೂಡ ಸುದ್ದಿಯಾಯಿತು. ಅಲ್ಲಿನವರು ನಾಗಾಲ್ಯಾಂಡಿನ ಮಿಮಿ ಎಂಬ ಹಳ್ಳಿಯಲ್ಲಿ, ಗುಹೆಯಿಂದ ಬಾವಲಿ ಹಿಡಿಯುವ ಬೇಟೆಗಾರರ ರಕ್ತದಲ್ಲೂ ಬಾವಲಿಗಳ ರಕ್ತದಲ್ಲೂ ಎಬೋಲಾ ಬಳಗದ ವೈರಸ್ಸಿನ ವಿರುದ್ಧದ ಪ್ರತಿಕಾಯ ಕಂಡು 2019ರಲ್ಲಿ ಪ್ರಬಂಧ ಬರೆದಿದ್ದರು. ಸಹಲೇಖಕರಲ್ಲಿ ವುಹಾನಿನವರಿದ್ದರು. ಮರುವರ್ಷ ವುಹಾನ್ ಎಂಬ ಹೆಸರಿಗೆ ಬಂದ ಕಳೆ ನಿಮಗೇ ಗೊತ್ತು. ವಿಚಾರಣೆಯ ಸುದ್ದಿ ಹಬ್ಬಿತು.

ಅನುಮತಿ ಕೇಳುವುದು ತಪ್ಪಲ್ಲ. ಇಂಥ ಕೆಲಸ ಬೇಕಾಬಿಟ್ಟಿ ನಡೆಯಬಾರದು, ಅದು ನನ್ನ ಮತವೂ ಹೌದು. ನನಗೆ ಬೆರಗು ಹುಟ್ಟಿಸುವುದು ಅನುಮತಿಯ ತಾರತಮ್ಯ. ಬಾವಲಿಯ ಬಾಯೊಳಗೆ ಹತ್ತಿಯ ಕಡ್ಡಿ ಆಡಿಸಲು ರಾಜ್ಯದ ಅರಣ್ಯ ಇಲಾಖೆಯಿಂದ ಹಿಡಿದು ದೆಹಲಿಯವರೆಗೆ ಅರ್ಜಿ ಹಿಡಿದು ಅಲೆಯಬೇಕು. ಅದೇ ಬಾವಲಿ ಮಲಗುವ ಮರ ಉರುಳಿಸಲು ಮರ ಅಧಿಕಾರಿಗೆ ಒಂದು ಅರ್ಜಿ ಸಾಕು. ಅರ್ಜಿ ಮರ ಬಿದ್ದ ಮೇಲೆ ಹೋದರೂ ನಡೆದೀತು. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಅದಕ್ಕೇ ಇರಬೇಕು, ನಮ್ಮ ಊರಿನ ಮರಗಳಿಗೆ ಎಣಿಕೆ ಚೆನ್ನಾಗಿ ಬರುತ್ತದೆ. ಐವತ್ತು ದಾಟದ ಕಂತುಗಳಲ್ಲೇ ಬೀಳುತ್ತವೆ.

2024ರ ಸೆಪ್ಟೆಂಬರಿನಲ್ಲಿ ನಿಪಾ ಬೆಂಗಳೂರಿನ ಹೊಸ್ತಿಲವರೆಗೂ ಬಂದು ಹೋಯಿತು. ಇಲ್ಲಿ ಓದುತ್ತಿದ್ದ ಯುವಕನೊಬ್ಬ ಊರಿಗೆ ಹೋಗಿದ್ದಾಗ ಮಲಪ್ಪುರಂನಲ್ಲಿ ನಿಪಾದಿಂದ ತೀರಿಕೊಂಡ. ಅಂತ್ಯಕ್ರಿಯೆಗೆ ಹೋಗಿ ಬಂದ ಸಹಪಾಠಿಗಳನ್ನು ಆರೋಗ್ಯ ಇಲಾಖೆ ಹುಡುಕಿ, ಪ್ರತ್ಯೇಕವಾಗಿರಿ ಎಂದಿತು. ಇಲಾಖೆ ಮಾಡಿದ್ದು ಸರಿಯಾದ ಕೆಲಸ, ಬೇಗನೇ ಮಾಡಿತು. ಆದರೆ ನಮ್ಮ ಹೊರವಲಯದ ಪಿ.ಜಿ.ಗಳನ್ನು ಬಲ್ಲವರಿಗೆ 'ಪ್ರತ್ಯೇಕವಾಗಿರಿ' ಎಂಬ ಮಾತಿನ ಹಾಸ್ಯ ಹೊಳೆಯದೆ ಇರದು. ತ್ರೀ ಶೇರಿಂಗ್ ಕೋಣೆಯಲ್ಲಿ ಪ್ರತ್ಯೇಕವಾಸ ಮಾಡುವುದು ಹೇಗೆ? ಮಂಚಗಳ ನಡುವೆ ಒಂದು ಮೊಳ ಜಾಗ, ಆ ಜಾಗದಲ್ಲಿ ಬಕೆಟ್ಟು, ಕೋಣೆಗೊಂದು ಬಚ್ಚಲು, ಕೆಳಗಿನ ಮಹಡಿಯಲ್ಲಿ ಎಲ್ಲರಿಗೂ ಒಂದೇ ಅನ್ನದ ಪಾತ್ರೆ. ಪೀಣ್ಯದಲ್ಲಾದರೆ ಎರಡು ಶಿಫ್ಟಿನವರು ಒಂದೇ ಹಾಸಿಗೆ ಹಂಚಿಕೊಳ್ಳುತ್ತಾರೆ. ಒಬ್ಬ ಏಳುವ ಹೊತ್ತಿಗೆ ಇನ್ನೊಬ್ಬ ಬಂದು ಮಲಗುತ್ತಾನೆ. ಸಾವಿರಾರು ಬಾವಲಿಗಳು ಒತ್ತೊತ್ತಾಗಿ ಜೋತುಬಿದ್ದು ಒಂದೇ ಗಾಳಿ ಉಸಿರಾಡುವುದರಿಂದ ವೈರಸ್ಸುಗಳಿಗೆ ಅನುಕೂಲ ಎಂದು ವಿಜ್ಞಾನಿಗಳು ಬರೆಯುತ್ತಾರೆ. ನಾವು ಅದನ್ನೇ ತಿಂಗಳ ಬಾಡಿಗೆಗೆ ಕೊಟ್ಟು, ಅಡ್ವಾನ್ಸ್ ಇಸಿದುಕೊಳ್ಳುತ್ತೇವೆ. ಬಾವಲಿಗೆ ಹಾರುವಾಗ ಮೈಬಿಸಿ ಏರುತ್ತದೆ, ಉರಿಯೂತವನ್ನು ಅದರ ದೇಹ ಅಂಕೆಯಲ್ಲಿಡುತ್ತದೆ, ಅದಕ್ಕೇ ವೈರಸ್ಸಿನ ಜೊತೆ ಬಾಳುವೆ ಮಾಡುತ್ತದೆ ಎನ್ನುತ್ತಾರೆ. ಶಿಫ್ಟಿನವನಿಗೆ ಆ ಸೌಲಭ್ಯವಿಲ್ಲ. ಇ.ಎಸ್.ಐ. ಕಾರ್ಡಿದೆ.

ಕಾನೂನಿಗೂ ಬಾವಲಿಗೂ ಹಳೆಯ ಲೆಕ್ಕವಿತ್ತು. 1972ರ ವನ್ಯಜೀವಿ ಕಾಯ್ದೆ ಹಣ್ಣು ತಿನ್ನುವ ಬಾವಲಿಯನ್ನು ಕಾಗೆ, ಇಲಿ, ಹೆಗ್ಗಣಗಳ ಸಾಲಿನಲ್ಲಿ ಕೂರಿಸಿ, ಕೊಂದರೆ ಕೇಳುವವರಿಲ್ಲ ಎಂದಿತ್ತು. ಹೂವಿಂದ ಹೂವಿಗೆ ಪರಾಗ ಒಯ್ದು ಇಪ್ಪೆ, ಬೂರುಗದ ಮರಗಳ ವಂಶ ಬೆಳೆಸುವ ಜೀವಿಗೆ ಐವತ್ತು ವರ್ಷ ಕ್ಷುದ್ರಜೀವಿಯ ಪಟ್ಟ. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಜಗತ್ತೆಲ್ಲ ಬಾವಲಿಯನ್ನು ಶಪಿಸುತ್ತಿದ್ದ ಕಾಲದಲ್ಲಿ ಸಂಸತ್ತು ಅದನ್ನು ಖುಲಾಸೆ ಮಾಡಿತು. ನಮ್ಮ ಸಂಸತ್ತನ್ನು ಹೊಗಳುವ ಅವಕಾಶ ಪದೇ ಪದೇ ಸಿಗದು, ಹಾಗಾಗಿ ಹೊಗಳಿಬಿಡುತ್ತೇನೆ.

ವೈಟ್‌ಫೀಲ್ಡ್ ದಾಟಿ ಕೋಲಾರದ ಕಡೆ ಹೋದರೆ ಹನುಮನಹಳ್ಳಿ ಎಂಬ ಊರು ಸಿಗುತ್ತದೆ. ಅಲ್ಲಿನ ಬಂಡೆಯ ಗುಹೆಯಲ್ಲಿ ಕೋಲಾರದ ಎಲೆಮೂಗಿನ ಬಾವಲಿ ಇದೆ. 1994ರಲ್ಲಷ್ಟೇ ವಿಜ್ಞಾನ ಅದಕ್ಕೆ ಹೆಸರಿಟ್ಟಿತು. ಈಗ ಉಳಿದಿರುವುದು ಇನ್ನೂರಕ್ಕೂ ಕಡಿಮೆ, ಪ್ರಪಂಚದಲ್ಲೆಲ್ಲ ಅದೊಂದೇ ಗುಹೆಯಲ್ಲಿ. ಸುತ್ತಲಿನ ಬಂಡೆಯನ್ನು ಗ್ರಾನೈಟಿಗಾಗಿ ಒಡೆದರು. ಆ ಚಪ್ಪಡಿ ಯಾವ ಅಡುಗೆಮನೆಯ ಕಟ್ಟೆಯಾಗಿ, ಅದರ ಮೇಲೆ ಯಾರು ಲ್ಯಾಪ್‌ಟಾಪ್ ಇಟ್ಟುಕೊಂಡು ಬಾವಲಿಯಿಂದ ಬಂದ ರೋಗದ ಕಾಲದಲ್ಲಿ ಮೀಟಿಂಗ್ ಮಾಡಿದರೋ ಹೇಳಬರುವುದಿಲ್ಲ. ಕೊನೆಗೆ ಸರ್ಕಾರ ಗಣಿಗಾರಿಕೆ ನಿಲ್ಲಿಸಿ, ಗುಹೆಯ ಸುತ್ತ 30 ಎಕರೆಯನ್ನು ಸಂರಕ್ಷಿತವೆಂದು ಘೋಷಿಸಿತು. ಇನ್ನೂರರೊಳಗೆ ನಿವಾಸಿಗಳು, 30 ಎಕರೆ, ಹೊರಗಿನವರಿಗೆ ಪ್ರವೇಶವಿಲ್ಲ, ವಾಹನ ದಟ್ಟಣೆ ಇಲ್ಲ, ನೈಸರ್ಗಿಕ ಕಲ್ಲಿನ ಗೋಡೆ, ಹೈವೇಯಿಂದ ಕೊಂಚ ದೂರ. ಈ ಲೆಕ್ಕ ನಮ್ಮ ಬಿಲ್ಡರುಗಳ ಕಣ್ಣಿಗೆ ಇನ್ನೂ ಬಿದ್ದಿಲ್ಲ ಎಂದು ಕಾಣುತ್ತದೆ. ಬಿದ್ದ ಮರುವಾರವೇ ಹೊಸಕೋಟೆ ಟೋಲ್ ಹತ್ತಿರ ಫಲಕ ಏಳುತ್ತದೆ: 'ಕೇವ್ ವ್ಯೂ ವಿಲ್ಲಾಗಳು, ಪ್ರಿ ಲಾಂಚ್ ದರ ಈ ಭಾನುವಾರದವರೆಗೆ ಮಾತ್ರ.'